ಗಿಡ್ಡ ವೈರು

“ಓರೆ ಮಾಡೋ, ಓರೆ!” ಎಂದು ಪಕ್ಕದ ಮನೆಯವರು ಕೂಗಿದರು. ಊಟದ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮೈದುನ ಅದರ ಕಾಲು ಹಿಡಿದು ತಿರುಗಿಸಿದ. ಆಸ್ಪತ್ರೆಯಿಂದ ಅಣ್ಣನನ್ನು ತರುವ ವ್ಯಾನು ಬರುವುದರೊಳಗೆ ಜಾಗ ಮಾಡಬೇಕಿತ್ತು.

“ಇದನ್ನ ಒಳಗೆ ಹೇಗಪ್ಪಾ ತಂದ್ರಿ?”

“ಅಣ್ಣ ತಂದಿದ್ದ.”

ಮೇಜನ್ನು ಓರೆ ಮಾಡಿ ಹೊರಗೆ ಸಾಗಿಸಿದರು.

ಅತ್ತೆ ಸೊಸೆಯ ಭುಜ ಅದುಮಿ, ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕೂರಿಸಿದರು. “ಏಳಬೇಡ. ಇನ್ನು ನೀನು ಮಾಡೋದು ಏನೂ ಇಲ್ಲ.”

ಅವಳು ಕೂತಳು. ವ್ಯಾನು ಬಂತು. ಮೇಜಿದ್ದ ಜಾಗದಲ್ಲಿ ಗಂಡನನ್ನು ಮಲಗಿಸಿದರು. ಅವಳು ಏಳಲಿಲ್ಲ, ಅಳಲೂ ಇಲ್ಲ. ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬಸ್ಸಿನ ಕಿಟಕಿಗೆ ಒರಗಿದ್ದ. ಕೊನೆಯ ನಿಲ್ದಾಣ ಬಂದರೂ ಏಳಲಿಲ್ಲ.

ಬಂದವರೆಲ್ಲ ಒಂದೇ ಮಾತು ಹೇಳಿದರು: “ಎಂಥ ಮೃದು ಮಾತು! ಬೈದವರಿಗೂ ಕ್ಷಮಿಸಿ ಅಂತಿದ್ದ.”

ಅದು ಅವನ ಕೆಲಸ. ವಾಷಿಂಗ್ ಮೆಷಿನ್ ಕಂಪನಿಯಲ್ಲಿ ದೂರಿನ ಫೋನು ಎತ್ತುವುದು. ತಾನು ಮಾಡದ ತಪ್ಪಿಗೆ ದಿನವಿಡೀ ಕ್ಷಮೆ ಕೇಳಿ ಸಂಬಳ ತರುತ್ತಿದ್ದ.

*

ಮೊನ್ನೆ ಸಂಜೆ ಅವಳು ಅದೇ ಮೇಜಿನ ಎದುರು ಕೂತಿದ್ದಳು. ಅಂದು ಅವಳ ಅಪ್ಪನ ಆಪರೇಷನ್ನಿಗೆ ಬರುತ್ತೇನೆ ಎಂದಿದ್ದ ಗಂಡ ಬಂದಿರಲಿಲ್ಲ. ಯಾರೋ ರಜೆ ಹಾಕಿದರೆಂದು ಅವರ ಪಾಳಿಯನ್ನೂ ಮಾಡಿದ್ದ. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವಾಗ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವನು ತಟ್ಟೆ ಸರಿಸಿ ಎದ್ದ. “ತಪ್ಪಾಯ್ತು. ನಿನಗೆಷ್ಟು ಕಷ್ಟ ಆಗಿರಬೇಕು, ನನಗೆ ಅರ್ಥ ಆಗುತ್ತೆ.”

ಆಫೀಸಿನಲ್ಲಿ ಹೆಡ್‌ಫೋನು ಹಾಕಿಕೊಂಡು ಮಾತಾಡುವ ಧ್ವನಿ. ಮದುವೆಯಾದ ಹೊಸದರಲ್ಲಿ ಅದನ್ನು ಕೇಳಿ ನಗುತ್ತಿದ್ದಳು.

“ಆಫೀಸಿನ ಮಾತು ಮನೆಗೆ ತರಬೇಡ,” ಎಂದಳು. “ಸರ್, ನನ್ನ ದೂರಿನ ನಂಬರ್ ಎಷ್ಟು ಸರ್?”

ಅವನು ಕೂರಲಿಲ್ಲ. ತಲೆ ಒಂದು ಕಡೆ ವಾಲಿಸಿ ಅರೆ ಬಾಗಿ ನಿಂತಿದ್ದ. ಬೆನ್ನುನೋವಿರಬೇಕು ಅಂದುಕೊಂಡು ಅವಳು ತಟ್ಟೆ ಎತ್ತಿಕೊಂಡು ಹೋದಳು. ಬೆಳಿಗ್ಗೆ ಅವನು ಹೊರಡುವಾಗ ಎಚ್ಚರವಿದ್ದೂ ಕಣ್ಣು ತೆರೆಯಲಿಲ್ಲ.

‘ಅರ್ಥ ಆಗುತ್ತೆ’ ಎಂಬ ಆ ಮಾತು ಅವನದೋ, ಕಂಪನಿಯದೋ? ಇನ್ನು ಯಾರನ್ನು ಕೇಳುವುದು?

*

ಮಧ್ಯಾಹ್ನ ಆಫೀಸಿನವರು ಬಂದರು: ಮೇಲ್ವಿಚಾರಕಿ, ಮತ್ತು ಅವನ ಪಕ್ಕದ ಸೀಟಿನವನು. ಇವನನ್ನು ಎಲ್ಲರೂ ಬಾಯಿಬಡುಕ ಎನ್ನುತ್ತಿದ್ದರು.

“ಅತ್ತಿಗೆ, ಒಂದು ಫೋನಿಗೆ ಮೂರು ಸಲ ಕ್ಷಮಿಸಿ ಅನ್ನಬೇಕು, ಅದು ನಮ್ಮ ರೂಲ್ಸು. ನಾನಂತೂ ಉಗುರು ಕತ್ತರಿಸ್ತಾ ಹೇಳ್ತೀನಿ.”

“ಗೊತ್ತು ಬಿಡಿ,” ಎಂದರು ಮೇಲ್ವಿಚಾರಕಿ.

“ಇವನೂ ಕೂತೇ ಹೇಳ್ತಿದ್ದ. ಆದ್ರೆ ಒಂದೊಂದು ಸಲ, ಆ ಕಡೆ ಯಾರಾದ್ರೂ ಅತ್ರೆ, ಎದ್ದುಬಿಡ್ತಿದ್ದ. ಮಾತು ಅದೇ, ‘ನನಗೆ ಅರ್ಥ ಆಗುತ್ತೆ’. ಹೆಡ್‌ಫೋನಿನ ವೈರು ಗಿಡ್ಡ ನೋಡಿ, ನೆಟ್ಟಗೆ ನಿಲ್ಲೋಕಾಗ್ತಿರಲಿಲ್ಲ. ಹೀಗೆ...” ಅವನು ತಲೆ ವಾಲಿಸಿ, ಅರೆ ಬಾಗಿ ತೋರಿಸಿದ. “ಕಾಣದವರ ಮುಂದೆ ಯಾಕೋ ನಿಲ್ತೀಯ ಅಂತ ರೇಗಿಸ್ತಿದ್ವಿ. ‘ಕೂತು ಹೇಳಿದ್ರೆ ಕಂಪನಿ ಹೇಳಿದ ಹಾಗಾಗುತ್ತೆ ಕಣೋ’ ಅಂತಿದ್ದ.”

ಅವಳ ಕಡೆ ತಿರುಗಿ ಕೇಳಿದ: “ಮನೇಲೂ ನಿಲ್ತಿದ್ನಾ, ಅತ್ತಿಗೆ?”

ಅವಳು ಮೇಜಿದ್ದ ಜಾಗದ ಕಡೆ ನೋಡಿದಳು.

ಹೊರಡುವ ಹೊತ್ತಾಯಿತು. ನಾಲ್ವರು ಬಂದು ಎತ್ತಿದರು. ಬಾಗಿಲ ಬಳಿ ಮೈದುನ ಮೆಲ್ಲಗೆ, “ಓರೆ ಮಾಡಬೇಡಿ,” ಎಂದ.

ಅವಳು ಕುರ್ಚಿಯಿಂದ ಎದ್ದಳು.

“ಕೂತ್ಕೋ ತಾಯಿ, ಬೀಳ್ತೀಯ,” ಎಂದರು ಅತ್ತೆ.

ಹೊರಗೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು. ಅದು ಬೀದಿ ದಾಟಿ ಹೋದ ಮೇಲೂ ಅವಳು ಖಾಲಿ ನೆಲದ ಎದುರು, ತಲೆ ಒಂದು ಕಡೆ ವಾಲಿಸಿ, ಅರೆ ಬಾಗಿ ನಿಂತೇ ಇದ್ದಳು.