ಅಳೆಯುವ ಮೊದಲೇ ಹೇಳಿದ ಅಂಕಿ

ಮುದ್ದೇಬಿಹಾಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಲೇ ಪಿಎಚ್‌ಡಿ ಮಾಡುತ್ತಿದ್ದ ಸಂಘಮಿತ್ರಾಗೆ ಒಂದು ಅಂಕಿ ತಲೆನೋವಾಗಿ ಕೂತಿತ್ತು. ಹೃದಯದ ಸ್ನಾಯುವಿನಲ್ಲಿ ಒಂದು ಪ್ರೋಟೀನ್ ಇದೆ. ಕ್ಯಾಲ್ಸಿಯಂ ಅಯಾನು ಬಂದು ಅದರ ಕುಳಿಯಲ್ಲಿ ಕೂತರೆ ಸ್ನಾಯು ಬಿಗಿಯುತ್ತದೆ, ಎದ್ದು ಹೋದರೆ ಸಡಿಲಾಗುತ್ತದೆ. ಈ ಕೂರುವ ಏಳುವ ಆಟವನ್ನು ಅವಳು ಕಂಪ್ಯೂಟರಿನಲ್ಲಿ ಪರಮಾಣು ಪರಮಾಣುವಾಗಿ ಕಟ್ಟಿ ನಡೆಸಿದ್ದಳು. ಆದರೆ ಅವಳ ಲೆಕ್ಕದಲ್ಲಿ ಕ್ಯಾಲ್ಸಿಯಂ ಉಡದ ಪಟ್ಟು ಹಿಡಿಯುತ್ತಿತ್ತು. ಪ್ರಯೋಗಾಲಯದವರು ಅಳೆದದ್ದಕ್ಕಿಂತ ಎಷ್ಟೋ ಪಾಲು ಬಿಗಿ. ಹಾಗೆ ಹಿಡಿದರೆ ಯಾವ ಹೃದಯವೂ ಎರಡನೇ ಸಲ ಬಡಿಯಲಾರದು.

ಹುಡುಕಿ ಹುಡುಕಿ ಕೊನೆಗೆ ಕಾರಣ ಸಿಕ್ಕಿತು. ಎಲ್ಲರೂ ಬಳಸುವ ಸೂತ್ರದಲ್ಲಿ ಅಯಾನಿನ ವಿದ್ಯುದಂಶ ಪೂರ್ತಿ ಇತ್ತು. ಸುತ್ತಲಿನ ಎಲೆಕ್ಟ್ರಾನುಗಳು ಅದರ ಸೆಳೆತವನ್ನು ತಗ್ಗಿಸುತ್ತವೆಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಉಪ್ಪುನೀರಿನ ಲೆಕ್ಕದಲ್ಲಿ ಕೆಲವರು ವಿದ್ಯುದಂಶ ಇಳಿಸಿದ್ದನ್ನು ಅವಳು ಓದಿದ್ದಳು. ತಾನೂ ಇಳಿಸಿದಳು. ಅಂಕಿ ಹೊಂದಿತು.

ಅವಳ ಮಾರ್ಗದರ್ಶಕ, ವಿಜಯಪುರದ ಗುರುರಾಜ ಸರ್ ಮಾತ್ರ ಒಪ್ಪಲಿಲ್ಲ.

"ಹೊಂದೋ ಹಂಗ ಅಂಕಿ ತಿದ್ದೋದು ವಿಜ್ಞಾನ ಅಲ್ಲವ್ವಾ. ಈ ಅಧ್ಯಾಯ ತಗದ್ಬಿಡು. ಉಳಿದದ್ದರಾಗ ಡಿಗ್ರಿ ಆಗ್ತೈತಿ."

ಮಾತು ಚುಚ್ಚಿತು. ಆದರೂ ಅದರಲ್ಲಿ ನ್ಯಾಯವಿದೆ ಎಂದು ಅವಳಿಗೇ ಅನಿಸಿತು.

"ಹಂಗಾರ ಸರ್, ಇನ್ನೂ ಯಾರೂ ಅಳೀಲಾರದ್ದನ್ನ ನಾ ಮೊದಲ ಹೇಳ್ತೇನ್ರಿ. ಆಮ್ಯಾಲ ಅವರು ಅಳೀಲಿ."

"ತಪ್ಪಿದ್ರ?"

"ತಪ್ಪಿದ್ರ ನಾನಾ ತಗೀತೇನ್ರಿ."

ಆ ಕುಳಿಯ ಗೋಡೆಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರೆ ಹಿಡಿತ ಎಷ್ಟು ಸಡಿಲಾಗುತ್ತದೆ? ಧಾರವಾಡದ ದೊಡ್ಡ ಕಂಪ್ಯೂಟರಿಗೆ ಮುದ್ದೇಬಿಹಾಳದಿಂದಲೇ ಕೆಲಸ ಕಳಿಸುತ್ತ, ಕರೆಂಟು ಹೋದಾಗಲೆಲ್ಲ ಫೋನಿನಲ್ಲಿ ಲೆಕ್ಕ ಎಲ್ಲಿಗೆ ಬಂತೆಂದು ನೋಡುತ್ತ, ಅವಳು ಉತ್ತರ ತೆಗೆದು ಸರ್‌ಗೆ ಹೇಳಿದಳು. ಪುಣೆಯ ಪ್ರಯೋಗಾಲಯದಲ್ಲಿದ್ದ ಅವರ ಗೆಳೆಯರು ಹಾಗೆ ಬದಲಿಸಿದ ಪ್ರೋಟೀನನ್ನು ತಯಾರಿಸಿ ಅಳೆಯಲು ಒಪ್ಪಿದರು. ಅವಳ ಅಂಕಿಯನ್ನು ಅವರಿಗೆ ತಿಳಿಸಲಿಲ್ಲ. ಮಳೆಗಾಲ ಕಳೆಯಿತು, ಜೋಳ ತೆನೆಗಟ್ಟಿತು, ಪುಣೆಯಿಂದ ಸುದ್ದಿಯಿಲ್ಲ.

ಒಂದು ಮುಂಜಾನೆ ಅವಳು ಪಾಠ ಮಾಡುತ್ತಿದ್ದಾಗ ಗುರುರಾಜ ಸರ್ ವಿಜಯಪುರದಿಂದ ಬಸ್ಸು ಹತ್ತಿ ಬಂದು ಕ್ಲಾಸಿನ ಬಾಗಿಲಲ್ಲೇ ನಿಂತರು. ಹುಡುಗರು ಎದ್ದು ನಿಂತರು. ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ಕೂಡ್ರಿ, ಕೂಡ್ರಿ," ಎಂದು ಅವರು ಒಳಬಂದರು. "ನಿಮ್ಮ ಮೇಡಂ ಒಂದು ಅಂಕಿ ಹೇಳಿದ್ರು. ನಾ ನಂಬಲಿಲ್ಲ. ನಿನ್ನೆ ಪುಣೇದವ್ರು ಅಳದು ಹೇಳ್ಯಾರ. ಅದಾ ಅಂಕಿ!"

ಯಾರೋ ಚಪ್ಪಾಳೆ ಶುರು ಮಾಡಿದರು. ಅದು ನಿಲ್ಲುವ ತನಕ ಸರ್ ಕಾದರು.

"ಸಂಘಮಿತ್ರಾ, ಆ ಅಧ್ಯಾಯ ತಗೀಬ್ಯಾಡ. ಅದನ್ನ ಮೊದಲಿಗೆ ಹಾಕು."

ಅವಳು ಹೂಂ ಎಂದು ಸೀಮೆಸುಣ್ಣ ಎತ್ತಿಕೊಂಡು ಪಾಠ ಮುಂದುವರಿಸಿದಳು.

ಕ್ಲಾಸು ಮುಗಿಸಿ ಕಾಲೇಜಿನ ಬೇವಿನ ಮರದಡಿ ನಿಂತು ತನ್ನೂರು ಅಗರಖೇಡಕ್ಕೆ ಫೋನು ಮಾಡಿದಳು. ಅವಳ ಅಪ್ಪ ಪ್ರೇಮಕುಮಾರ ಕನ್ನಡ ಸಾಲಿಯ ಮಾಸ್ತರ. ಪೂರ್ತಿ ಕೇಳಿಸಿಕೊಂಡವರು ಫೋನು ಹಿಡಿದೇ ಯಾರನ್ನೋ ಕೂಗಿ ಕರೆದರು.

"ಅಪ್ಪಾ, ಕೇಳ್ತೈತೇನು?"

"ತಡಿಯವ್ವಾ, ಸ್ಪೀಕರ್ ಹಚ್ಚೇನಿ. ನಿಮ್ಮವ್ವ ಬಂದಾಳ, ಬಾಜೂಮನಿ ಗೌಸಬಿನೂ ಬಂದಾಳ. ಮೊದಲಿಂದ ಹೇಳು. ನಿಧಾನಕ್ಕ ಹೇಳು."

ಸಂಘಮಿತ್ರಾ ಕಣ್ಣೊರೆಸಿಕೊಂಡು, ತನ್ನ ಕ್ಲಾಸಿಗೆ ಹೇಳುವಷ್ಟೇ ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದಳು.