ಬೋಫಾ ಸೀರೆ ಉಟ್ಟದ್ದು

ಏಳು ಸಮುದ್ರ ಬೇಡ, ಒಂದೇ ಸಮುದ್ರ ದಾಟಿದರೆ ಸಿಗುವ ಬಹರೈನ್ ದ್ವೀಪದಲ್ಲಿ ನಮ್ಮ ಕರಾವಳಿಯ ಲಾನ್ಸೆಲೊಟ್ ಎಂಬ ರಾಜಕುಮಾರನಿದ್ದ. ಅವನ ಕುದುರೆಯೆಂದರೆ ಕಂಪನಿಯ ವ್ಯಾನು. ಅದ್ಲಿಯಾದ ಕೆಫೆಯಲ್ಲಿ ಕೇಕು ಮಾಡುವ ಕಾಂಬೋಡಿಯಾದ ಹುಡುಗಿ ಬೋಫಾಳಿಗೆ ಅವನು ಮನಸೋತ. ರಾಜಕುಮಾರನೆಂದ ಮೇಲೆ ಪಣವೊಂದು ಇರಲೇಬೇಕಲ್ಲ? ಅದನ್ನು ಒಡ್ಡಿದವರು ಅವನ ತಾಯಿ, ಊರಿನಿಂದ, ಫೋನಿನಲ್ಲಿ: "ಹುಡುಗಿ ಯಾವ ದೇಶದವಳಾದ್ರೂ ಅಡ್ಡಿಯಿಲ್ಲ. ನಾನು ಬಂದ ದಿನ ತನ್ನ ಕೈಯಿಂದಲೇ ಸೀರೆ ಉಟ್ಟು ತೋರಿಸ್ಬೇಕು. ಇಲ್ಲದಿದ್ರೆ ಮದುವೆ ಮಾತೇ ಬೇಡ."

ಲಾನ್ಸೆಲೊಟ್ ನೇರ ಓಡಿದ್ದು ಗುಫೂಲ್‌ನಲ್ಲಿ ರವಿಕೆ ಹೊಲಿಯುವ ಸರೋಜಿನಿಯ ಹತ್ತಿರ.

"ಸರೋಜಕ್ಕ, ಶುಕ್ರವಾರ ಅಮ್ಮ ಬರ್ತಾರೆ. ನನ್ನ ಮಾನ ನಿಮ್ಮ ಕೈಯಲ್ಲಿ."

"ನಿನ್ನ ಮಾನ ಹೊಲಿಯುವಷ್ಟು ನೂಲಿಲ್ಲ ನನ್ನ ಹತ್ರ. ಹುಡುಗಿಯನ್ನು ಕಳ್ಸು. ಉಡ್ಲಿಕ್ಕೆ ಕಲಿಸಿಯೇ ಬಿಡ್ತೇನೆ, ಮಾತು ಕೊಟ್ಟೆ."

ಕೊಟ್ಟದ್ದು ಕನ್ನಡದ ಮಾತು. ಕಲಿಸಬೇಕಾದದ್ದು ಅರೆಬರೆ ಇಂಗ್ಲಿಷಿನಲ್ಲಿ. "ದಿಸ್ ಪೆಟಿಕೋಟ್ ವೇರ್. ದಿಸ್ ಬ್ಲೌಸ್ ವೇರ್. ದೆನ್ ಸಾರಿ ವೇರ್."

ಬೋಫಾ ಕಣ್ಣರಳಿಸಿದಳು. "ಅಕ್ಕಾ, ವಿಚ್ ವೇರ್?"

"ವೇರ್ ಅಂದ್ರೆ ವೇರ್ ಮಾರಾಯ್ತಿ! ಅದ್ರಲ್ಲಿ ಎಂತ ವಿಚ್ಚು?"

ಬೋಫಾ ಸೊಂಟ ಮುಟ್ಟಿ ತನ್ನ ಭಾಷೆಯಲ್ಲಿ "ಸ್ಲಿಯಕ್" ಎಂದಳು. ಲಂಗ, ಪ್ಯಾಂಟು ಹಾಕುವುದೆಲ್ಲ ಸ್ಲಿಯಕ್. ಹೆಗಲು, ತಲೆ, ಕಿವಿ ಮುಟ್ಟಿ "ಪೆಯಕ್" ಎಂದಳು. ಅಂಗಿ, ಟೊಪ್ಪಿ, ಓಲೆ ಪೆಯಕ್. ಕೊನೆಗೆ ಕಾಲಿನ ಚಪ್ಪಲಿ ತೋರಿಸಿ ಅದೂ ಪೆಯಕ್ ಎಂದಳು.

"ಚಪ್ಪಲಿ ಮೇಲಿನವರ ಸಾಲಿಗೆ ಹೇಗೆ ಹತ್ತಿತು?" ಸರೋಜಿನಿ ನಕ್ಕಳು. ಆದರೂ ಒಳಗೊಳಗೇ ಲೆಕ್ಕ ಹಾಕಿದಳು: ಸೀರೆ ಉಡುವುದು, ರವಿಕೆ ತೊಡುವುದು, ಹೂ ಮುಡಿಯುವುದು, ಚಪ್ಪಲಿ ಮೆಟ್ಟುವುದು, ಶಾಲು ಹೊದೆಯುವುದು. ಪಾಪ, ಇಂಗ್ಲಿಷಿನವರು ಒಂದೇ ಮಾತನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡು ಬದುಕುತ್ತಾರೆ!

"ಸಾರಿ ಸ್ಲಿಯಕ್? ಸಾರಿ ಪೆಯಕ್?"

ಉಡುವುದೆಂದರೆ ಸೊಂಟಕ್ಕೇ ತಾನೆ? "ಸ್ಲಿಯಕ್!" ಎಂದು ಸರೋಜಿನಿ ಹೊಲಿಗೆ ಯಂತ್ರದತ್ತ ತಿರುಗಿದಳು. ಮತ್ತೆ ಇತ್ತ ನೋಡಿದಾಗ ಆರು ಗಜವೂ ಸೊಂಟಕ್ಕೆ ಸುತ್ತಿ ಬೋಫಾ ಬಾವಿಕಟ್ಟೆಯಾಗಿದ್ದಳು. ಒಂದು ಹೆಜ್ಜೆ ಇಟ್ಟವಳು ಬಟ್ಟೆಯ ರಾಶಿಗೆ ಉರುಳಿದಳು.

"ನೋ, ನೋ! ಪೆಯಕ್!"

ಮರುದಿನ ಗುರುವಾರ. ಲಾನ್ಸೆಲೊಟ್ ಇಣುಕಿದಾಗ ಸೀರೆಯೆಲ್ಲ ಹೆಗಲಿಗೇರಿ, ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ಇದೆಂತ ಸರೋಜಕ್ಕ, ಹಾಸಿಗೆ ಕಟ್ಟಾ?"

"ನಿನ್ನ ಹೆಂಡ್ತಿ."

"ಇನ್ನೂ ಆಗ್ಲಿಲ್ಲ."

"ಹೀಗಾದ್ರೆ ಆಗುವುದೂ ಇಲ್ಲ!"

ಮೂವತ್ತು ವರ್ಷ ಸೀರೆ ಉಟ್ಟ ಸರೋಜಿನಿ, ಅದು ಎಲ್ಲಿಯವರೆಗೆ ಕೆಳಗಿನದು, ಎಲ್ಲಿಂದ ಮೇಲಿನದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಸೀರೆಯ ಮೇಲೆ ಅಡ್ಡಗೆರೆ ಎಳೆದಳು. "ಹಿಯರ್ ವರೆಗೆ ಸ್ಲಿಯಕ್. ಹಿಯರಿಂದ ಪೆಯಕ್."

ಬೋಫಾ ಚಪ್ಪಾಳೆ ತಟ್ಟಿದಳು. "ಓ! ಸ್ಲಿಯಕ್-ಪೆಯಕ್!" ಅವಳ ಭಾಷೆಯಲ್ಲಿ ಎರಡನ್ನೂ ಜೋಡಿಸಿದರೆ ಇಡೀ ಉಡುಗೆತೊಡುಗೆಯೇ ಆಗುತ್ತದಂತೆ.

"ನಿನ್ನೆಯೇ ಬಾಯಿ ಬಿಡ್ಬಾರ್ದಿತ್ತಾ ನೀನು!"

ಶುಕ್ರವಾರ ಮಾಹೂಝ್‌ನಲ್ಲಿರುವ ಲಾನ್ಸೆಲೊಟ್‌ನ ಫ್ಲಾಟಿನಲ್ಲಿ ಅವನ ತಾಯಿ ಸರೋಜಿನಿಯ ಎದುರು ಚಹಾವನ್ನೂ ಮುಟ್ಟದೆ ಕುಳಿತರು. ಬೋಫಾ ಹೊಸ ಸೀರೆ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಪಿಸುಮಾತು: "ಸ್ಲಿಯಕ್... ಸ್ಲಿಯಕ್..."

"ಅದೆಂತ ಮಂತ್ರ?"

"ಪ್ರಾರ್ಥನೆ, ಬಾಯಮ್ಮ," ಎಂದಳು ಸರೋಜಿನಿ.

ಏನೋ ದಡಕ್ಕೆಂದಿತು. ಲಾನ್ಸೆಲೊಟ್ ಎದ್ದು ನಿಂತ. ತುಸು ಹೊತ್ತಿಗೆ "ಪೆಯಕ್" ಕೇಳಿಸಿತು. ಅಬ್ಬ, ಸೊಂಟ ದಾಟಿದಳು ಎಂದು ಸರೋಜಿನಿ ಉಸಿರು ಬಿಟ್ಟಳು.

ಬಾಗಿಲು ತೆರೆಯಿತು. ತಾಯಿ ಎದ್ದು ಬೋಫಾಳ ಸುತ್ತ ಒಂದು ಸುತ್ತು ಬಂದರು. ಸೆರಗು ಜಗ್ಗಿದರು, ಜಾರಲಿಲ್ಲ. ನೆರಿಗೆ ಎಣಿಸಿದರು.

"ಒಂದು ನೆರಿಗೆ ಗಿಡ್ಡ," ಎಂದರು. ಆಮೇಲೆ ಮಗನತ್ತ ತಿರುಗಿ, "ಆದ್ರೆ ಉಟ್ಟಿದ್ದಾಳೆ," ಎಂದರು.