ನೂರೊಂದು ಟಕ್

ಹಳೆಯ ಕೀಬೋರ್ಡಿನ ಹೊಟ್ಟೆಯಲ್ಲಿ ಕಬ್ಬಿಣದ ಹಲಗೆಯಿರುತ್ತದೆ. ಎರಡೂವರೆ ಕಿಲೋ ತೂಕ. "ಇದ್ರಲ್ಲಿ ಹೊಡೆದ್ರೆ ಆನೆನೂ ಮಲಗುತ್ತೆ" ಎಂದು ರಿಪೇರಿಯವ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆನೆಯ ಸಂಗತಿ ಗೊತ್ತಿಲ್ಲ. ಆ ಮಧ್ಯಾಹ್ನ ಗುಜರಿ ರಾಶಿಯಿಂದ ಒಂದನ್ನೆತ್ತಿ ಬೀಸಿದಾಗ ಅವನ ಭಾಮೈದ ಸ್ಕ್ರೂಡಬ್ಬದ ಸಮೇತ ನೆಲ ಕಂಡ.

ಕೋಪಕ್ಕೆ ಕಾರಣ ಮೇಜಿನ ಮೇಲೆ ಮೂಗಿಯಂತೆ ಕೂತಿತ್ತು: ಕಣ್ಣು ಹೋದ ಮುದುಕಿ ಟೈಪಿಸ್ಟಳ ಕೀಬೋರ್ಡು. ಪ್ರತಿ ಕೀಯ ಕೆಳಗೂ ತೆಳ್ಳನೆಯ ತಗಡಿನ ಎಲೆ, ಒತ್ತಿದರೆ ಟಕ್. ಆ ಟಕ್ ಕೇಳಿದರಷ್ಟೇ ಅಕ್ಷರ ಬಿತ್ತೆಂದು ಆಕೆಗೆ ತಿಳಿಯುವುದು. ಎಲೆ ಮಾಡುವ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ. ರಿಪೇರಿಯವ ಆರು ವಾರ ಕೂತು ನೂರೊಂದು ಎಲೆಗಳನ್ನೂ ಒಂದೇ ಶ್ರುತಿಗೆ ತಂದಿದ್ದ. ಅಂದು ಸಂಜೆ ಐದಕ್ಕೆ ಆಕೆ ಅದನ್ನು ಒಯ್ಯಲು ಬರುವವಳಿದ್ದಳು. ಹೊಸ ಕೀಬೋರ್ಡುಗಳ ನುಣುಪಿಗೆ ಕೈ ಪಳಗಿದ ಭಾಮೈದ, ಉಪಕಾರವೆಂದುಕೊಂಡು, ಎಲ್ಲಕ್ಕೂ ಗ್ರೀಸು ಹಚ್ಚಿಬಿಟ್ಟಿದ್ದ. ಈಗ ಒತ್ತಿದರೆ ಬೆಣ್ಣೆಗೆ ಬೆರಳಿಟ್ಟಂತೆ.

"ಸದ್ದು ಜಾಸ್ತಿ ಇತ್ತು ಭಾವ," ಎಂದ ನೆಲದಿಂದಲೇ.

"ಸದ್ದಿಗೇ ಕಣೋ ಅದು ಹುಟ್ಟಿರೋದು. ನಾಳೆ ದೇವಸ್ಥಾನದ ಗಂಟೆಗೂ ಗ್ರೀಸು ಮೆತ್ತುತ್ತೀಯಾ?"

ಪಕ್ಕೆಗೆ ಒದ್ದ. ಮತ್ತೊಮ್ಮೆ ಒದ್ದ. ಭಾಮೈದ ಎದ್ದವನೇ ಸ್ಕ್ರೂಡ್ರೈವರ್ ಬೀಸಿದ. ಭಾವನ ಕೆನ್ನೆ ಕಿವಿಯವರೆಗೆ ಸೀಳಿತು. ರಕ್ತ ಕಂಡ ರಿಪೇರಿಯವ ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು ಗುಜರಿ ಕೀಬೋರ್ಡಿನಿಂದ ಕುಟ್ಟಿದ. ಮೂರು ಬೆರಳು ನಜ್ಜುಗುಜ್ಜಾದವು.

"ಬಿಡ್ರೀ, ನನ್ನ ತಮ್ಮ ಅವನು," ಎಂದಳು ಓಡಿಬಂದ ಹೆಂಡತಿ.

"ಗೊತ್ತು. ವರದಕ್ಷಿಣೆ ಅಂತ ನಿಮ್ಮಪ್ಪ ಕೊಟ್ಟಿದ್ದು ಇವನೊಬ್ಬನ್ನೇ."

ಭಾಮೈದನ ಮುಖ ಸುಣ್ಣವಾಗಿತ್ತು. ದನಿ ಮಾತ್ರ ಮೆತ್ತಗಿತ್ತು. "ಸ್ಪಿರಿಟ್‌ನಲ್ಲಿ ತೊಳೆದ್ರೆ ಗ್ರೀಸು ಹೋಗ್ತಿತ್ತು ಭಾವ. ಒಂದೊಂದೇ ಎಲೆ ಬಿಚ್ಚಿ, ತೊಳೆದು, ಕೂರಿಸಿದ್ರೆ ನನಗೆ ನಾಲ್ಕು ಗಂಟೆ ಕೆಲಸ. ಹೇಳೋಕೆ ಬಿಟ್ರೆ ತಾನೆ."

ರಿಪೇರಿಯವ ಗಡಿಯಾರ ನೋಡಿದ. ಹನ್ನೆರಡೂವರೆ. ಆಮೇಲೆ ಆ ಬೆರಳುಗಳನ್ನು ನೋಡಿದ. ಅವು ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

ಹೆಂಡತಿ ತಮ್ಮನ ಕೈಗೆ ಒದ್ದೆ ಬಟ್ಟೆ ಸುತ್ತತೊಡಗಿದಳು. ಗಂಡನ ಕೆನ್ನೆಯತ್ತ ತಿರುಗಿಯೂ ನೋಡಲಿಲ್ಲ. ಅವನು ಸ್ಪಿರಿಟ್ ಬಟ್ಟಲು ಎಳೆದುಕೊಂಡು, ಚಿಮಟ ಹಿಡಿದು ಮೊದಲ ಕೀ ಬಿಚ್ಚಿದ. ಹೊಡೆದ ಕೈಯ ಬಿರುಸಿನಲ್ಲೇ ಎಲೆಯನ್ನೂ ಎಳೆದ. ಎಲೆ ಎರಡು ತುಂಡಾಯಿತು.

"ಇನ್ನೂ ನೂರಿವೆ ಭಾವ," ಎಂದ ಭಾಮೈದ.